ಮುಗಿಸಬಾರದ ಚರಂಡಿ

ಅಂಬ್ರುಷ್ ಕದ್ದಿರಲಿಲ್ಲ, ಯಾರ ಮೇಲೂ ಕೈ ಮಾಡಿರಲಿಲ್ಲ. ಆರು ತಿಂಗಳ ಕೆಲಸವನ್ನು ಏಳೇ ವಾರದಲ್ಲಿ ಮುಗಿಸಿಬಿಟ್ಟಿದ್ದ. ಊರು ಅವನ ಜೊತೆ ಮಾತು ಬಿಡಲು ಅಷ್ಟು ಸಾಕಾಯಿತು.

ಸಕ್ಕರೆ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಹಂಗೇರಿಯ ಆ ಹಳ್ಳಿಯಲ್ಲಿ ದುಡಿಮೆ ಎಂದರೆ ಸರ್ಕಾರ ಕೊಡುವ ಕೂಲಿ ಕೆಲಸವೇ. ಕಿತ್ತಳೆ ಬಣ್ಣದ ಅಂಗಿ ತೊಟ್ಟು ರಸ್ತೆ ಗುಡಿಸುವುದು, ಹುಲ್ಲು ಕೊಯ್ಯುವುದು. ಈ ಸಲ ಚರ್ಚಿನ ತನಕ ಚರಂಡಿಗೆ ಕಲ್ಲು ಹಾಸುವುದು. ಕೆಲಸ ಇರುವಷ್ಟು ದಿನ ಸಂಬಳ. ಹಾಗಾಗಿ ಅಂಬ್ರುಷ್ ಜೊತೆಗಿದ್ದ ಒಂಬತ್ತು ಜನರ ತಂಡ ಸಲಿಕೆಗೆ ಒರಗಿ ಮೋಡ ನೋಡುತ್ತಿತ್ತು, ಹತ್ತು ಗಂಟೆಗೆ ಬ್ರೆಡ್ಡು, ಹಂದಿಕೊಬ್ಬು, ಈರುಳ್ಳಿ ತಿನ್ನುತ್ತಿತ್ತು, ಆಮೇಲೆ ಒಂದೆರಡು ಕಲ್ಲು ಹಾಸುತ್ತಿತ್ತು. ಇದನ್ನು ಸೋಮಾರಿತನ ಎನ್ನುವವನು ಆ ಊರಲ್ಲಿ ಒಂದು ಚಳಿಗಾಲ ಒಲೆ ಉರಿಸಿ ನೋಡಲಿ.

ಅಂಬ್ರುಷ್ ನಲವತ್ತು ವರ್ಷ ಗಾರೆ ಕೆಲಸ ಮಾಡಿದವನು. ಅರೆಬರೆ ಕೆಲಸ ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಕೆಲಸ ಶುರುವಾದ ನಾಲ್ಕು ವಾರಕ್ಕೆ ತಂಡದ ಮೇಲ್ವಿಚಾರಕಿ ಎತೆಲ್ಕಾ ಮಗಳ ಬಾಣಂತನಕ್ಕೆ ಮೂರು ವಾರ ಹೋಗಿದ್ದೇ ನೆಪ, ಇವನು ಯಾರ ಮಾತೂ ಕೇಳದೆ ನಸುಕಿಗೇ ಎದ್ದು ಒಬ್ಬನೇ ಕರಣೆ ಹಿಡಿದು ಕೂತ. ಅವಳು ಬಂದು ನೋಡಿದರೆ ಚರಂಡಿ ಚರ್ಚಿನ ಬಾಗಿಲು ಮುಟ್ಟಿತ್ತು. ಅವಳು ತಳ್ಳುಗಾಡಿಯ ಮೇಲೆ ಕುಸಿದು ಕೂತಳು.

"ಅಂಬ್ರುಷ್ ಮಾವ, ನಿನ್ ಕೈ ಸೇದೋಗ. ಒಂಬತ್ತು ಮನೆ ಒಲೆಗೆ ನೀರು ಹುಯ್ದ್ಯಲ್ಲೋ."

ಆ ಒಂಬತ್ತು ಜನರಲ್ಲಿ ಅವನ ಹೆಂಡತಿ ಬೊರಿಷ್ಕಾಳೂ ಒಬ್ಬಳು. ಮೂರು ದಿನ ಅವನಿಗೆ ತಣ್ಣನೆಯ ಸೂಪೇ ಗತಿಯಾಯಿತು.

ಗುರುವಾರ ಸರ್ಕಾರದ ಪರಿಶೀಲಕ ಬರುವವನಿದ್ದ. ಅವನು ಮುಗಿದಿದೆ ಎಂದು ಸಹಿ ಹಾಕಿದರೆ ಅಂದಿಗೇ ಸಂಬಳ ಬಂದ್. ರಾತ್ರೋರಾತ್ರಿ ಕಾಲುಭಾಗ ಕಿತ್ತುಹಾಕೋಣ ಎಂದು ಹಳ್ಳಿಯ ಮೇಯರ್ ಉಪಾಯ ಹೇಳಿದ. ಒಂದು ಕಲ್ಲು ಮುಟ್ಟಿದರೂ ಮೊಣಕಾಲು ಮುರಿಯುತ್ತೇನೆ ಎಂದು ಅಂಬ್ರುಷ್ ಸುತ್ತಿಗೆ ಎತ್ತಿದ. ಹಾಗಾದರೆ ಮುಗಿದಿಲ್ಲ ಅಂತ ನೀನೇ ನಿನ್ನ ಬಾಯಿಂದ ಹೇಳಬೇಕು ಎಂದಳು ಎತೆಲ್ಕಾ.

ಪರಿಶೀಲಕ ಬಂದ. ಉದ್ದಕ್ಕೂ ನಡೆದ, ಅಲ್ಲಲ್ಲಿ ಕಲ್ಲಿನ ಮಟ್ಟ ನೋಡಲು ಅಡ್ಡಡ್ಡ ರಸಮಟ್ಟ ಇಟ್ಟ. ಅದರೊಳಗಿನ ಗುಳ್ಳೆ ಪ್ರತಿಸಲವೂ ನಟ್ಟನಡುವೆ ನಿಂತಿತು. ಇಡೀ ಜಿಲ್ಲೆಯಲ್ಲಿ ಇಂಥ ಕೆಲಸ ಕಂಡಿಲ್ಲ ಎಂದು ಪೆನ್ನು ತೆಗೆದ. ಅಂಬ್ರುಷನ ಎದೆ ಉಬ್ಬಿತು. ಬೊರಿಷ್ಕಾ ನೆಲ ನೋಡುತ್ತಿದ್ದಳು. ಅದನ್ನು ಕಂಡು ಅವನ ಎದೆ ಇಳಿಯಿತು.

"ಸಾರ್, ಇದು ಕೆಟ್ಟ ಕೆಲಸ," ಎಂದ.

"ಯಾರು ಮಾಡಿದ್ದು?"

"ನಾನೇ. ಕಣ್ಣು ಎಲ್ಲಿಟ್ಟಿದ್ನೋ."

ಹೇಳುವುದೇ ಕಷ್ಟವಾಗಿತ್ತು, ಶುರುವಾದ ಮೇಲೆ ನಿಲ್ಲಿಸುವುದು ಅದಕ್ಕಿಂತ ಕಷ್ಟವಾಯಿತು. ಯಾವುದಾದರೂ ತಪ್ಪು ತೋರಿಸಬೇಕಲ್ಲ ಎಂದು ಮಂಡಿಯೂರಿ ಹುಡುಕಿದ. ಹುಡುಕಿದರೆ ನಿಜಕ್ಕೂ ಸಿಕ್ಕಿತು. ಕತ್ತಲಲ್ಲಿ ಕೂರಿಸಿದ ಒಂದು ಕಲ್ಲಿನ ಅಡಿ ಟೊಳ್ಳು. ಬಡಿದು ನೋಡಿದ, ಪಕ್ಕದ್ದೂ ಟೊಳ್ಳು. ಅವನ ಮುಖ ಕೆಂಪಾಯಿತು. ಮೊದಲ ಹಿಮಕ್ಕೇ ಇವೆಲ್ಲ ಹಲ್ಲು ಕಿತ್ತ ಹಾಗೆ ಮೇಲೇಳುತ್ತವೆ, ಇಂಥದ್ದಕ್ಕೆ ಸಹಿ ಹಾಕುವ ನೀನೆಂಥ ಅಧಿಕಾರಿ ಎಂದು ಪರಿಶೀಲಕನಿಗೇ ಬೈದ. ಆ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದು, ಪೂರ್ತಿ ಎಬ್ಬಿಸಿ ಮತ್ತೆ ಹಾಸುವುದು, ಅಕ್ಟೋಬರ್ ಕೊನೆಯ ತನಕ ಗಡುವು, ಅಲ್ಲಿವರೆಗೂ ಸಂಬಳ ಎಂದು ಬರೆದು ಕಾರು ಹತ್ತಿದ.

ಬೊರಿಷ್ಕಾ ಅಂದು ಸೂಪು ಬಿಸಿ ಮಾಡಿದಳು. ಅವನಿಗೆ ರುಚಿಸಲಿಲ್ಲ. ತಲೆ ತುಂಬ ಟೊಳ್ಳು ಕಲ್ಲು.

ಮರುದಿನ ನಸುಕಿಗೇ ಓಡಿದರೆ ಎತೆಲ್ಕಾ ಆಗಲೇ ಚರಂಡಿ ಪಕ್ಕ ನಿಂತಿದ್ದಳು. ಅವನ ಕೈಯ ಕರಣೆ ಕಿತ್ತುಕೊಂಡಳು.

"ಇನ್ಮೇಲೆ ನೀನು ಮುಟ್ಟಂಗಿಲ್ಲ ಮಾವ. ನೀನು ಮೇಷ್ಟ್ರು. ನಮಗೆ ಕಲಿಸು."

ತಂಡ ಸೇರಿದ ಮೇಲೆ ಅವಳು ಮೊದಲ ಕಲ್ಲು ಎಬ್ಬಿಸಿ ಕೂರಿಸಿದಳು. ಅಂಬ್ರುಷ್ ಬಡಿದು ನೋಡಿ ತೆಗೆಸಿದ. ಮತ್ತೆ ಕೂರಿಸಿದಳು. ಮತ್ತೆ ತೆಗೆಸಿದ. ಬೊರಿಷ್ಕಾ ಕೂರಿಸಿದಳು, ಹೆಂಡತಿ ಎಂದೂ ನೋಡದೆ ತೆಗೆಸಿದ. ಮಧ್ಯಾಹ್ನದ ಗಂಟೆ ಹೊಡೆದಾಗ ಒಂಬತ್ತೂ ಜನ ಬೆವರಿ ಕೂತಿದ್ದರು, ಮೊದಲ ಕಲ್ಲು ಇನ್ನೂ ಹೊರಗೇ ಇತ್ತು.