ಹದಿನಾಲ್ಕನೇ ಟ್ರಿಪ್

"ನಿಮ್ಮಪ್ಪ ಸತ್ತಿದ್ದಕ್ಕೆ ಪ್ರೂಫ್ ಏನಿದೆ?"

ಕೇಳಿದವನ ಕೊರಳಲ್ಲಿ ಟ್ಯಾಕ್ಸಿ ಕಂಪನಿಯ ಪಟ್ಟಿ ನೇತಾಡುತ್ತಿತ್ತು. ಅದರಲ್ಲಿ ಅಭಿರಾಮ ಎಂದು ಹೆಸರು. ವಯಸ್ಸು ನನ್ನ ತಮ್ಮ ಅಮರ್‌ಗಿಂತ ನಾಲ್ಕೈದು ವರ್ಷ ಕಡಿಮೆಯೇ ಇರಬೇಕು. ಅಮರ್ ಟೇಬಲ್ಲಿನ ಈಚೆ ಕೈ ಕಟ್ಟಿಕೊಂಡು ನಿಂತಿದ್ದ, ನಾನು ಅವನ ಪಕ್ಕದಲ್ಲಿ. ಎದುರಿಗೆ ಖಾಲಿ ಕುರ್ಚಿ ಇತ್ತು. ಕೂರಿ ಎಂದು ಅವನು ಹೇಳಲಿಲ್ಲ. ಹೇಳದೆ ಕೂತು ಬೈಸಿಕೊಂಡ ನೆನಪು ನಮ್ಮ ಮನೆತನಕ್ಕೆ ಚೆನ್ನಾಗಿದೆ, ಹಾಗಾಗಿ ನಾವೂ ಕೂರಲಿಲ್ಲ.

"ಆಸ್ಪತ್ರೆ ಚೀಟಿ ತಂದಿದೀನಿ ಸರ್," ಎಂದ ಅಮರ್.

"ಚೀಟಿ ಯಾರ್ ಬೇಕಾದ್ರೂ ತರ್ತಾರೆ. ಡೆತ್ ಸರ್ಟಿಫಿಕೇಟ್ ಬೇಕು."

"ಅದಿನ್ನೂ ಕೈಗೆ ಬಂದಿಲ್ಲ ಸರ್. ಹನ್ನೊಂದು ದಿನ ಆಯ್ತು ಅಷ್ಟೆ."

"ಹಂಗಾದ್ರೆ ಬಂದ್ಮೇಲೆ ಬನ್ನಿ."

"ಅಲ್ಲೀವರ್ಗೂ ಐಡಿ ಬ್ಲಾಕ್ ಮಾಡಿಟ್ರೆ ಟ್ರಿಪ್ಪೇ ಬರಲ್ಲ, ಹೆಂಗೆ ಸರ್? ಗಾಡಿ ಬಾಡಿಗೆ ದಿನಾ ಸಾವಿರದ ನೂರು ಏರ್ತಾ ಇದೆ. ಮನೇಲಿ ಹೆಂಡ್ತಿ ಏಳ್ ತಿಂಗ್ಳು ಬಸ್ರಿ."

ಅಭಿರಾಮ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದ.

"ನೋಡಿ. ಕಸ್ಟಮರ್ ನಂಬರ್ ಇದು. ನೀವು ಎಮರ್ಜೆನ್ಸಿಗೆ ಅಂತ ಕೊಟ್ಟಿರೋ ನಂಬರೂ ಇದೇ. ಹದಿಮೂರು ಟ್ರಿಪ್ ಆಗಿದೆ. ಹದಿನಾಲ್ಕನೇದು ಸಿಗ್ಲಿಲ್ಲ, ಮನೆಯವ್ರ ಹತ್ರಾನೇ ಬುಕ್ ಮಾಡಿಸ್ಕೊಂಡಿದೀರ. ಇನ್ಸೆಂಟಿವ್ ಹೊಡ್ದಿದೀರ. ಇದನ್ನ ಫೇಕ್ ಟ್ರಿಪ್ ಅಂತಾರೆ."

ಆ ನಂಬರ್ ನನ್ನದು. ನಾನು ಯಶೋಧರಾ, ಅಮರ್‌ನ ಅಕ್ಕ. ಬಳೇಪೇಟೆಯ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಬಳೆಗಳನ್ನು ಡಜನ್ ಲೆಕ್ಕದಲ್ಲಿ ಕಾಗದಕ್ಕೆ ಸುತ್ತುವ ಕೆಲಸ ನನ್ನದು. ಅಪಘಾತವೇನಾದರೂ ಆದರೆ ಯಾರಿಗೆ ತಿಳಿಸಬೇಕು ಎಂದು ಕಂಪನಿ ಕೇಳಿದಾಗ, ಅಕ್ಕ ಇದ್ದಾಳಲ್ಲ ಎಂದು ಅಮರ್ ನನ್ನ ನಂಬರ್ ಕೊಟ್ಟಿದ್ದ. ಅವನು ಮಾಡಿದ ತಪ್ಪು ಅದು.

ಚಾಮರಾಜಪೇಟೆಯ ಆ ಕಟ್ಟಡದ ಮೊದಲ ಮಹಡಿಯಲ್ಲಿ ಮೂವತ್ತು ಜನ ಡ್ರೈವರುಗಳು ಗೋಡೆಗುಂಟ ಕೂತಿದ್ದರು. ಎಲ್ಲರ ಕೈಯಲ್ಲೂ ಒಂದೊಂದು ಟೋಕನ್ ಚೀಟಿ. ನಮ್ಮದು ನಲವತ್ತೊಂದು. ನಮ್ಮ ಹಿಂದಿನ ನಲವತ್ತೆರಡು ದಾಸಪ್ಪ ಎನ್ನುವ, ತಲೆ ಪೂರ್ತಿ ನೆರೆತ ಡ್ರೈವರದು. ಕಾರು ಬೀಡಿ ವಾಸನೆ ಹೊಡೆಯುತ್ತದೆ ಎಂದು ಯಾರೋ ಹೆಂಗಸು ಐದರಲ್ಲಿ ಒಂದೇ ನಕ್ಷತ್ರ ಕೊಟ್ಟಳಂತೆ, ಅವನ ಐಡಿ ಐದು ದಿನದಿಂದ ಬ್ಲಾಕು. "ನಾನ್ ಬೀಡಿ ಸೇದೋದೇ ಇಲ್ಲ ಕಣಮ್ಮ" ಎಂದು ಬೆಳಿಗ್ಗೆಯಿಂದ ನನಗೆ ನಾಲ್ಕು ಸಲ ಹೇಳಿದ್ದ.

ಕಾರು ಓಡಿಸುವವನ ಜೇಬು ಯಾವಾಗಲೂ ತುಂಬಿರುತ್ತದೆ ಎಂದು ನಮ್ಮ ಗಲ್ಲಿಯವರು ನಂಬಿಕೊಂಡಿದ್ದಾರೆ. ಸಾಲ ಕೇಳಲು ಬರುತ್ತಾರೆ ಬೇರೆ. ಅಮರ್ ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ದಿನಕ್ಕೆ ಮೂರು ಸಾವಿರ ದುಡಿಯುತ್ತಿದ್ದ, ಅದು ನಿಜ. ಅದರಲ್ಲಿ ಸಾವಿರದ ನೂರು ಗಾಡಿಯ ಓನರಿಗೆ, ಗ್ಯಾಸಿಗೆ ಒಂಬೈನೂರು, ಕಂಪನಿಗೆ ಆರುನೂರರ ಮೇಲೆ. ಉಳಿದದ್ದು ನಾನೂರು. ಗಿರಾಕಿ ಇರುವಲ್ಲಿಗೆ ಖಾಲಿ ಓಡುವ ಎರಡು ಮೂರು ಕಿಲೋಮೀಟರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಂತರೆ ಅದೂ ಅವನ ಕರ್ಮ. ಆದರೆ ಸಂಜೆ ಎಂಟರೊಳಗೆ ಹದಿನಾಲ್ಕು ಟ್ರಿಪ್ ಮುಗಿಸಿ, ಒಂದನ್ನೂ ಕ್ಯಾನ್ಸಲ್ ಮಾಡದಿದ್ದರೆ, ಕಂಪನಿ ಮೇಲೆ ಎಂಟುನೂರ ಐವತ್ತು ಕೊಡುತ್ತದೆ. ಹದಿಮೂರಕ್ಕೆ ಏನೂ ಇಲ್ಲ. ನಮ್ಮ ಮನೆಯ ಅಕ್ಕಿ, ಅಪ್ಪನ ಮಾತ್ರೆ, ಅಮರ್‌ನ ಹೆಂಡತಿ ಭಾಗ್ಯಳ ಸ್ಕ್ಯಾನಿಂಗು ಎಲ್ಲವೂ ಆ ಹದಿನಾಲ್ಕನೇ ಟ್ರಿಪ್ಪಿನ ಮೇಲೆ ನಿಂತಿದ್ದವು.

ಇದನ್ನು ಅಪ್ಪನಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಅಪ್ಪ ಮೂವತ್ತೆರಡು ವರ್ಷ ಬಳೇಪೇಟೆಯಲ್ಲಿ ಕೈಗಾಡಿ ಎಳೆದವನು. ಒಂದು ಲೋಡು ಇಳಿಸಿದರೆ ಸೇಟು ಒಂದು ತಗಡಿನ ಬಿಲ್ಲೆ ಕೊಡುತ್ತಿದ್ದ. ಸಂಜೆ ಬಿಲ್ಲೆ ಎಣಿಸಿ ಕೂಲಿ. ಇಪ್ಪತ್ತು ಬಿಲ್ಲೆ ಆದರೆ ಮೇಲೆ ಹತ್ತು ರೂಪಾಯಿ. ಹತ್ತೊಂಬತ್ತಾದ ದಿನ ಸೇಟು ಮುಂದಿನ ಲೋಡನ್ನು ಬೇರೆಯವನಿಗೆ ಕೂಗಿ ಕೊಡುತ್ತಿದ್ದನಂತೆ. ಅಮರ್ ಮನೆಗೆ ಬಂದ ಕೂಡಲೇ ಅಪ್ಪ ಕೇಳುತ್ತಿದ್ದುದು ಊಟದ ಮಾತಲ್ಲ.

"ಎಷ್ಟ್ ಬಿಲ್ಲೆ ಆಯ್ತೋ ಇವತ್ತು?"

"ಹದ್ಮೂರಪ್ಪ. ಆಮೇಲೆ ಬರ್ಲೇ ಇಲ್ಲ. ಎರಡು ಗಂಟೆ ಕಾದೆ."

"ಬರಲ್ಲ. ಹತ್ತೊಂಬತ್ತಾದ್ಮೇಲೆ ಆ ಸೂಳೆಮಗ ನಂಗೂ ಕೊಡ್ತಿರ್ಲಿಲ್ಲ," ಎಂದು ಅಪ್ಪ ನಗುತ್ತಿದ್ದ. ಅಪ್ಪನ ನಗು ಕೆಮ್ಮಿನಲ್ಲಿ ಮುಗಿಯುತ್ತಿತ್ತು.

ಆ ಭಾನುವಾರ ಅಂಗಡಿಗೆ ರಜೆ, ನಾನು ಮನೆಯಲ್ಲಿದ್ದೆ. ಐದು ಗಂಟೆಯ ಹೊತ್ತಿಗೆ ಅಮರ್ ಅಪ್ಪನಿಗೆ ಫೋನು ಮಾಡಿ ಹನ್ನೆರಡಾಯ್ತು, ಹದಿಮೂರನೇದು ಹತ್ತಿಸಿಕೊಳ್ಳಲು ಹೊರಟೆ ಎಂದು ಹೇಳಿದ. ಅಪ್ಪ ಖುಷಿಯಾಗಿ ಕಾಫಿ ಕೇಳಿದ. ನಾನು ಕಾಫಿ ತರುವಷ್ಟರಲ್ಲಿ ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದ, ಮೈಯೆಲ್ಲ ಬೆವರು.

ಅಮರ್‌ಗೆ ಮೂರು ಸಲ ಫೋನು ಮಾಡಿದೆ. ಎತ್ತಲಿಲ್ಲ. ಹಿಂದೆ ಗಿರಾಕಿ ಕೂತಿರುವಾಗ ಮಾತಾಡಿದರೆ ನಕ್ಷತ್ರ ಕಮ್ಮಿಯಾಗುತ್ತದೆ ಎಂದು ಅವನು ಎತ್ತುವುದಿಲ್ಲ, ನನಗೆ ಗೊತ್ತಿತ್ತು. ಆಂಬುಲೆನ್ಸಿಗೆ ಕಾಯುವ ಧೈರ್ಯ ಬರಲಿಲ್ಲ. ನನ್ನ ಫೋನಿನಲ್ಲಿ ಟ್ಯಾಕ್ಸಿ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗಿ ನಿಂತಾಗ ನನ್ನ ತಮ್ಮನ ಫೋಟೋ ಬಂತು. ನಿಮ್ಮ ಚಾಲಕ ಅಮರ್. ಮೂರು ನಿಮಿಷ.

ನಮ್ಮ ಮಾವಳ್ಳಿಯ ಗಲ್ಲಿಗೆ ಕಾರು ಬರುವುದಿಲ್ಲ. ಅಕ್ಕಪಕ್ಕದವರು ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ರಸ್ತೆಗೆ ಹೊತ್ತು ತಂದರು. ಮಿನರ್ವ ಸರ್ಕಲ್ಲಿನಲ್ಲಿ ಹದಿಮೂರನೆಯವನನ್ನು ಇಳಿಸಿ, ಮಿಸ್ಡ್ ಕಾಲನ್ನೂ ಗಿರಾಕಿಯ ಹೆಸರನ್ನೂ ನೋಡದೆ, ಹದಿನಾಲ್ಕನೆಯದು ಇಷ್ಟು ಬೇಗ ಸಿಕ್ಕಿತಲ್ಲ ಎಂದುಕೊಂಡು ಬಂದವನು ಕುರ್ಚಿಯಲ್ಲಿದ್ದ ಅಪ್ಪನನ್ನು ನೋಡಿದ. ಇಳಿದು ಹಿಂದಿನ ಬಾಗಿಲು ತೆಗೆದ. ಹಿಂದಿನ ಸೀಟಿನಲ್ಲಿ ಮಲಗಿಸಿದೆವು, ಅಪ್ಪನ ತಲೆ ನನ್ನ ತೊಡೆಯ ಮೇಲೆ. ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಸೀಟಿನ ಕೆಳಗೆ ಬಿತ್ತು.

ಅಮರ್ ಸ್ಟೇರಿಂಗಿಗೆ ಕೂತು ಗೇರು ಹಾಕಿದ. ಮುಂದಿದ್ದ ಫೋನು ಟಿಣ್ ಎಂದಿತು. ಅವನು ಹಿಂದೆ ತಿರುಗಿದ.

"ಅಕ್ಕ, ಓಟಿಪಿ?"

ಟ್ರಿಪ್ ಶುರುಮಾಡಲು ದಿನಕ್ಕೆ ಹದಿನಾಲ್ಕು ಸಲ ಕೇಳುವ ಮಾತು ಅದು. ಕೇಳಿದ ಮೇಲೆಯೇ ತಾನು ಏನು ಕೇಳಿದೆ ಎಂದು ಅವನಿಗೆ ಗೊತ್ತಾಯಿತು. ಮುಖ ಸುಟ್ಟುಹೋದಂತಾಯಿತು. ಆದರೂ ಕೇಳಿದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ.

ನಾನು ಹೇಳಿದೆ. ಏಳು, ಎರಡು, ಸೊನ್ನೆ, ಒಂಬತ್ತು.

ಆಸ್ಪತ್ರೆಯ ಗೇಟಿನಲ್ಲಿ ಕಾರು ನಿಲ್ಲಿಸಿ, ಅಪ್ಪನನ್ನು ಇಳಿಸುವುದಕ್ಕೂ ಮೊದಲು, ಅವನ ಹೆಬ್ಬೆರಳು ಫೋನಿನ ಮೇಲೆ ಒಮ್ಮೆ ಸರಿಯಿತು. ಟ್ರಿಪ್ ಮುಗಿಯಿತು. ಅದನ್ನೂ ನಾನು ನೋಡಿದೆ. ನನ್ನೊಳಗೆ ಆಗ ಎದ್ದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಡಾಕ್ಟರು ಎರಡು ನಿಮಿಷ ನೋಡಿ ತಲೆಯಾಡಿಸಿದರು. ದಾರಿಯಲ್ಲೇ ಜೀವ ಹೋಗಿದೆ ಎಂದರು. ಅಪ್ಪನ ಕಾಲು ಹಿಡಿದುಕೊಂಡು ಅಮರ್ ಮಗುವಿನ ಹಾಗೆ ಅಳುತ್ತಿದ್ದಾಗ ಅವನ ಅಂಗಿಯ ಜೇಬಿನಲ್ಲಿ ಚಿಲ್ಲರೆ ಸುರಿದಂಥ ಸದ್ದಾಯಿತು. ಕಂಪನಿಯ ಮೆಸೇಜು. ಅಭಿನಂದನೆಗಳು, ನೀವು ಎಂಟುನೂರ ಐವತ್ತು ರೂಪಾಯಿ ಗೆದ್ದಿದ್ದೀರಿ.

ಎರಡು ದಿನ ಬಿಟ್ಟು ಅದನ್ನು ವಾಪಸು ಕಿತ್ತುಕೊಂಡು ಐಡಿ ಬ್ಲಾಕ್ ಮಾಡಿದರು. ಅಪ್ಪನ ಕೊನೆಯ ಪ್ರಯಾಣದ ಬಾಡಿಗೆ ನೂರ ಹದಿನೆಂಟು ರೂಪಾಯಿ. ಅದನ್ನು ಯಾರೂ ಯಾರಿಗೂ ಕೊಡಲಿಲ್ಲ. ಕಂಪನಿ ಮಾತ್ರ ತನ್ನ ಪಾಲಿನ ಇಪ್ಪತ್ತೊಂಬತ್ತನ್ನು ಅಮರ್‌ನ ಖಾತೆಯಿಂದ ಮುರಿದುಕೊಂಡಿತ್ತು.

ಮೂರನೆಯ ದಿನ ಗಾಡಿಯ ಓನರ್ ಅನಿಲ್ ಕುಮಾರ್ ಗಾಡಿ ತರಿಸಿಕೊಂಡು ಅಮರ್‌ನನ್ನು ಕರೆಸಿದ. ಬಸವನಗುಡಿಯಲ್ಲಿ ಎರಡಂತಸ್ತಿನ ಮನೆ, ಹನ್ನೆರಡು ಕಾರು ಬಾಡಿಗೆಗೆ ಬಿಟ್ಟಿದ್ದಾನೆ. ಅಪ್ಪನ ಚಪ್ಪಲಿ ಕಾರಿನಲ್ಲೇ ಉಳಿದಿತ್ತು. ಅದನ್ನು ತರೋಣವೆಂದು ನಾನೂ ಹೋದೆ. ಕಾರಿನ ನಾಲ್ಕೂ ಬಾಗಿಲು ತೆಗೆದು ಬೀದಿಯಲ್ಲಿ ನಿಲ್ಲಿಸಿದ್ದರು. ಪಕ್ಕದಲ್ಲಿ ಒಬ್ಬ ಪುರೋಹಿತ.

"ಹೆಣ ಹೊರೋಕ್ ಕೊಟ್ಟಿದ್ನೇನೋ ಗಾಡೀನ, ನನ್ಮಗನೆ?"

"ಅಣ್ಣ, ಹತ್ತಿಸ್ಕೊಂಡಾಗ ಉಸಿರಾಡ್ತಿದ್ರು. ದಾರೀಲಿ..."

"ದಾರೀಲಿ ಸತ್ರೂ ಹೆಣಾನೇ. ಅದೂ ಯಾರ್ ಹೆಣ! ನಾಳೆ ಇದ್ರಲ್ಲಿ ಮದುವೆ ಮನೆಯವ್ರು ಕೂರ್ಬೇಕು ಕಣೋ. ಶಾಂತಿ ಮಾಡಿಸ್ತಿದೀನಿ, ಮೂರೂವರೆ ಸಾವ್ರ. ನಿನ್ ಬಾಡಿಗೆ ಜೊತೆ ಸೇರಿಸ್ಕೊತೀನಿ."

"ಬಾಡಿಗೇನಾದ್ರೂ ಮೂರು ದಿನದ್ದು ಬಿಡಿ ಅಣ್ಣ. ಗಾಡಿ ಓಡ್ಸೇ ಇಲ್ಲ."

"ಓಡ್ಸ್ಬೇಡ ಅಂದೋರ್ ಯಾರು? ಬೇಡಾಂದ್ರೆ ಕೀ ಇಟ್ಟು ಹೋಗು. ಡಿಪಾಸಿಟ್ಟು ಇಪ್ಪತ್ತೈದು ಸಾವ್ರ ಮರ್ತುಬಿಡು."

ಪುರೋಹಿತ ಒಂದು ಬಕೆಟ್ಟನ್ನು ಕಾಲಿನಿಂದ ನಮ್ಮ ಕಡೆ ಸರಿಸಿದ. ಗಂಜಲದ ವಾಸನೆ ಬಂತು. "ಸೀಟು ನೀನೇ ತೊಳ್ದುಬಿಡಪ್ಪ. ನಾನು ಒಳಗ್ ಮುಟ್ಟೋ ಹಾಗಿಲ್ಲ," ಎಂದ.

ಮೈಲಿಗೆ, ದೃಷ್ಟಿ ಎಂಬುದನ್ನೆಲ್ಲ ಅಪ್ಪ ನಾವು ಹುಟ್ಟುವ ಮೊದಲೇ ಬಿಟ್ಟು ಬುದ್ಧ ವಂದನೆಗೆ ಹೋಗುತ್ತಿದ್ದವನು. ಅಪ್ಪ ಪ್ರಾಣ ಬಿಟ್ಟ ಸೀಟನ್ನು ಅವನ ಮಗ ಗಂಜಲ ಹಾಕಿ ಉಜ್ಜಿದ. ನಾನು ತಡೆಯಲಿಲ್ಲ. ಇಪ್ಪತ್ತೈದು ಸಾವಿರ ಎನ್ನುವುದು ನನ್ನ ಬಾಯಿಯನ್ನೂ ಹೊಲಿದಿತ್ತು. ಚಪ್ಪಲಿ ಎಲ್ಲಿ ಎಂದು ಕೇಳಿದ್ದಕ್ಕೆ ಅನಿಲ್ ಕುಮಾರ್ ಮೋರಿಯ ಕಡೆ ಕೈ ತೋರಿಸಿದ. ಎತ್ತಿಕೊಂಡು ತೊಳೆದು ಸೆರಗಿನಲ್ಲಿ ಸುತ್ತಿ ತಂದೆ.

ಇಷ್ಟೂ ಆದ ಮೇಲೆ ನಾವು ಅಭಿರಾಮನ ಮುಂದೆ ನಿಂತಿದ್ದುದು.

"ಒಂದ್ ದಾರಿ ಇದೆ," ಎಂದು ಅವನು ಒಂದು ಕಾಗದ ಮುಂದಿಟ್ಟ. "ಇದಕ್ಕೆ ಸೈನ್ ಮಾಡಿ. ಇವತ್ತು ಸಂಜೇನೇ ಐಡಿ ಓಪನ್ ಮಾಡಿಸ್ತೀನಿ. ನಿಮ್ ಒಳ್ಳೇದಕ್ಕೇ ಹೇಳ್ತಿದೀನಿ."

ಇನ್ಸೆಂಟಿವ್ ಆಸೆಯಿಂದ ಮನೆಯವರೊಂದಿಗೆ ಸೇರಿ ಸುಳ್ಳು ಪ್ರಯಾಣ ಮಾಡಿರುತ್ತೇನೆ, ಇನ್ನು ಮುಂದೆ ಮಾಡುವುದಿಲ್ಲ ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೆ ಸಹಿಗೆ ಜಾಗ. ಅಮರ್ ಪೆನ್ನು ತೆಗೆದುಕೊಂಡ.

"ಬೇಡ ಕಣೋ," ಎಂದೆ.

"ಸುಳ್ಳೇನಿದೆ ಅಕ್ಕ ಇದ್ರಲ್ಲಿ?" ಎಂದ. "ಅಪ್ಪ ಒದ್ದಾಡ್ತಿದ್ದಾಗ ಓಟಿಪಿ ಕೇಳ್ದೋನು ನಾನು. ಹದಿನಾಲ್ಕು ಅಂತ ತಲೇಲಿ ಬಂದಿತ್ತು. ನಿನ್ ಮುಂದೆ ಯಾಕ್ ಮುಚ್ಚಿಡ್ಲಿ, ಬಂದಿತ್ತು. ನನ್ನಂಥ ಬೇವರ್ಸಿ ಮಗನ್ನ ಬಿಟ್ಟು ಇನ್ಯಾರ್ ಸೈನ್ ಮಾಡ್ಬೇಕು ಇದಕ್ಕೆ?"

ಹನ್ನೊಂದು ದಿನ ನಾನು ನುಂಗಿಕೊಂಡಿದ್ದ ಮಾತು ಆಗ ಹೊರಗೆ ಬಂತು.

"ನೀನು ಕೇಳ್ದಾಗ ನಿನ್ ಕೆನ್ನೆಗೆ ಬಾರಿಸ್ಬೇಕು ಅನ್ನಿಸ್ತು ಕಣೋ. ನಾನಾಗಿಯೇ ಹೇಳ್ತಿರ್ಲಿಲ್ಲ. ಅಪ್ಪ ನನ್ ಕೈ ಹಿಡ್ಕೊಂಡ. 'ಹೇಳವ್ವ ನಂಬ್ರ, ಅವಂದೊಂದು ಬಿಲ್ಲೆ ಬಾಕಿ ಐತೆ' ಅಂತ ನಂಗಷ್ಟೇ ಕೇಳೋ ಹಾಗೆ ಅಂದ. ಆಮೇಲೆ ಮಾತಾಡ್ಲಿಲ್ಲ."

ಅಮರ್ ನನ್ನ ಮುಖವನ್ನೇ ನೋಡಿದ.

"ಯಾಕ್ ಹೇಳ್ಲಿಲ್ಲ ಅಕ್ಕ ಇಷ್ಟು ದಿನ?"

"ನಿನ್ ಮೇಲೆ ಸಿಟ್ಟಿತ್ತು. ನೀನೂ ಬೇಯ್ಲಿ ಅಂತ ಬಿಟ್ಟಿದ್ದೆ. ನನ್ನಿಂದ ತಪ್ಪಾಯ್ತು."

ಅವನು ತುಂಬ ಹೊತ್ತು ಅತ್ತ. ಅಷ್ಟು ಜನರ ಮುಂದೆ, ಮುಖ ಮುಚ್ಚಿಕೊಳ್ಳದೆ ಅತ್ತ. ಅಭಿರಾಮ ಗಡಿಯಾರ ನೋಡಿದ. ಹಿಂದೆ ಗೋಡೆಗುಂಟ ಕೂತವರೆಲ್ಲ ನಮ್ಮ ಕಡೆ ತಿರುಗಿದ್ದರು.

ಆಮೇಲೆ ಅಮರ್ ತೋಳಿನಿಂದ ಕಣ್ಣೊರೆಸಿಕೊಂಡು, ಅಚ್ಚಾಗಿದ್ದ ಸಾಲುಗಳ ಮೇಲೆ ಅಡ್ಡಗೆರೆ ಎಳೆದ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದ: ಈ ಟ್ರಿಪ್ ನಿಜ. ಪ್ರಯಾಣಿಕರ ಹೆಸರು ಅಪ್ಪಯ್ಯ. ನಮ್ಮ ತಂದೆ. ಎಂಟುನೂರ ಐವತ್ತು ರೂಪಾಯಿ ಅವರದ್ದು, ವಾಪಸು ಕೊಡಿ. ಸಹಿ ಮಾಡಿ, ಖಾಲಿ ಕುರ್ಚಿಯನ್ನು ಎಳೆದುಕೊಂಡು ಕೂತ.

"ಸೀಲ್ ಹಾಕಿ ಒಂದು ಕಾಪಿ ಕೊಡಿ ಸರ್."

"ಏನ್ರೀ ಇದು? ಹಿಂಗೆಲ್ಲ ಬರೆಯೋ ಹಾಗಿಲ್ಲ. ಐಡಿ ಪರ್ಮನೆಂಟಾಗಿ ಹೋಗತ್ತೆ, ಗೊತ್ತಾ?"

"ಗೊತ್ತು ಸರ್. ಸೀಲ್ ಹಾಕಿ."

"ಎದ್ದೇಳ್ರೀ. ನೆಕ್ಸ್ಟ್ ಟೋಕನ್ ಕಾಯ್ತಿದಾರೆ."

ಅಭಿರಾಮ ಗುಂಡಿ ಒತ್ತಿದ. ಗೋಡೆಯ ಬೋರ್ಡಿನಲ್ಲಿ ಕೆಂಪು ಅಕ್ಷರ ಬದಲಾಯಿತು. ಟೋಕನ್ ಸಂಖ್ಯೆ ನಲವತ್ತೆರಡು ಎಂದು ಮಿಷನ್ನಿನ ಹೆಣ್ಣುದನಿ ಕೂಗಿತು.

ನಾನು ದಾಸಪ್ಪನ ಕಡೆ ತಿರುಗಿ ನೋಡಿದೆ. ಬೆಳಿಗ್ಗೆ ಎಂಟರಿಂದ ಕಾದವನು. ಕೈಯಲ್ಲಿದ್ದ ಚೀಟಿಯನ್ನು ಒಮ್ಮೆ ನೋಡಿ, ಮಡಚಿ, ಮುಷ್ಟಿಯೊಳಗೆ ಇಟ್ಟುಕೊಂಡ. ಏಳಲಿಲ್ಲ.

ಟೋಕನ್ ಸಂಖ್ಯೆ ನಲವತ್ತೆರಡು.

"ಯಾರ್ರೀ ನಲವತ್ತೆರಡು? ಸರಿ, ನಲವತ್ತಮೂರು ಬನ್ನಿ."

ನಲವತ್ತಮೂರೂ ಏಳಲಿಲ್ಲ. ಅಭಿರಾಮ ಫೋನೆತ್ತಿ ಸೆಕ್ಯೂರಿಟಿಯವರನ್ನು ಮೇಲೆ ಬರಹೇಳಿದ. ಅಮರ್ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದ. ಮೆಟ್ಟಿಲ ಮೇಲೆ ಬೂಟುಗಳ ಸದ್ದು ಕೇಳತೊಡಗಿತು. ಬೋರ್ಡಿನಲ್ಲಿ ಇನ್ನೂ ನಲವತ್ತೆರಡೇ ಇತ್ತು.