ಮುಕ್ಕಳಿಸಿದ ಹಿಟ್ಟು

"ಬಕೆಟ್ ಯಾಕೆ ಖಾಲಿ ಇದೆ?"

ಗಿರಣಿ ನಡೆಸುವ ಅಕ್ಕ ಹೀಗೆ ಕೇಳಿದಾಗ ಅವಳ ತಮ್ಮ ಪೊಟ್ಟಣ ಎಣಿಸುವವನಂತೆ ನಟಿಸಿದ. ಅಮ್ಮ ಪೊರಕೆಯ ಕಡ್ಡಿ ಸರಿಪಡಿಸತೊಡಗಿದಳು. ಹೊರಗೆ ದೊಡ್ಡ ಮಳಿಗೆಯ ವ್ಯಾನು ಹಿಂಬಾಗಿಲು ತೆರೆದುಕೊಂಡು ಕಾಯುತ್ತಿತ್ತು. ಒಳಗೆ ಮೆಕ್ಕೆಜೋಳದ ಹಿಟ್ಟಿನ ಪೊಟ್ಟಣಗಳನ್ನು ಎದೆಮಟ್ಟ ಪೇರಿಸಿದ್ದರು. ಒಂದೊಂದರ ಮೇಲೂ ಹಸಿರು ಚೀಟಿ: ಕುಲಾಂತರಿ ಮುಕ್ತ.

ಆ ಚೀಟಿಗಾಗಿ ಅಕ್ಕ ಕಚೇರಿ ಮೆಟ್ಟಿಲು ಸವೆಸಿದ್ದಳು. ಗಿರಣಿಗೆ ಪಕ್ಕದ ಕೋಳಿ ಫಾರ್ಮಿನವನ ಜೋಳವೂ ಬರುತ್ತಿತ್ತು. ಅದು ಕುಲಾಂತರಿ, ಗುಣ ತಿದ್ದಿದ ಬೀಜದ್ದು. ಅದನ್ನು ಬೀಸಿದ ಮೇಲೆ ಒಳಗಂಟಿದ್ದು ಹೋಗಲು ಒಂದಿಷ್ಟು ಬೇರೆ ಜೋಳ ಹಾಕಿ, ಉದುರಿದ ಹಿಟ್ಟನ್ನು ಬಕೆಟಿಗೆ ಹಿಡಿದು ಕೋಳಿಗಳಿಗೇ ಕಳಿಸಬೇಕು, ಆಮೇಲಷ್ಟೇ ಚೀಟಿಯ ಹಿಟ್ಟು ಎಂದು ನಿಯಮ. ಅಕ್ಕ ಅದಕ್ಕೆ ಗಿರಣಿಯ ಬಾಯಿ ಮುಕ್ಕಳಿಸುವುದು ಎನ್ನುತ್ತಿದ್ದಳು.

"ನಾನೇ ಪೊಟ್ಟಣ ತುಂಬೋ ದೊಡ್ಡ ಡಬ್ಬಕ್ಕೆ ಸುರಿದೆ ಕಣೇ," ಅಮ್ಮ ಕೊನೆಗೆ ಅಂದಳು. ತಟ್ಟೆಯಲ್ಲಿ ಒಂದು ಅಗುಳೂ ಬಿಡದ ಜೀವ ಅದು. "ನುಣ್ಣಗೆ ಚಿನ್ನದ ಹಾಗಿತ್ತು. ಕೋಳಿಗೆ ಹಾಕೋಕೆ ಮನಸ್ಸು ಬರಲಿಲ್ಲ."

"ಬಾಯಿ ಮುಕ್ಕಳಿಸಿ ಆ ನೀರನ್ನೇ ನುಂಗಿಸಿದೆಯಲ್ಲಮ್ಮಾ."

ತಮ್ಮನಿಗೆ ನಗು ತಡೆಯಲಾಗಲಿಲ್ಲ. "ಬಿಡಕ್ಕ, ಒಂದು ಬಕೆಟು. ಚೂರುಪಾರು ಬೆರೆತರೆ ನಿಯಮಾನೇ ಮಾಫಿ ಮಾಡುತ್ತೆ. ಓದಿಲ್ವಾ?"

"ಓದಿದೀನಿ. ಗೊತ್ತಿಲ್ಲದೆ ಬೆರೆತರೆ ಅಂತಿದೆ. ಈಗ ಗೊತ್ತಾಯ್ತಲ್ಲ."

"ಗೊತ್ತಾಗಿದ್ದು ನಮ್ಮ ಮೂರು ಜನಕ್ಕೆ ತಾನೆ?"

"ನಾಲ್ಕು," ಬಾಗಿಲಲ್ಲಿದ್ದ ಮಳಿಗೆಯವನು ಅಂದ. ಮಳಿಗೆಯ ಖರೀದಿಯಲ್ಲಿ ಅವನದೇ ಕೊನೆ ಮಾತು. "ಆದ್ರೆ ನಂಗೆ ಕಿವಿ ಸ್ವಲ್ಪ ಮಂದ. ಏರಿಸಿ ಅಕ್ಕ, ಹೊತ್ತಾಯ್ತು."

ಅಕ್ಕ ಮೇಲಿನ ಪೊಟ್ಟಣ ಎತ್ತಿಕೊಂಡಳು. ಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಅವನ ಮುಖ ನೋಡುತ್ತಲೇ ಪರ್ರನೆ ಕಿತ್ತಳು.

"ಬರೀ ಹಿಟ್ಟು ಅಂತ ಬೇಕಿದ್ರೆ ಒಯ್ಯಿ."

"ಬರೀ ಹಿಟ್ಟು ಬೀದಿಗೊಬ್ರು ಕೊಡ್ತಾರೆ. ಇವತ್ತು ಖಾಲಿ ಹೋದ್ರೆ ಈ ವ್ಯಾನು ಮತ್ತೆ ಈ ಕಡೆ ತಿರುಗಲ್ಲ."

"ರಸ್ತೆ ಅಗಲ ಇದೆ. ಆರಾಮಾಗಿ ತಿರುಗಿಸ್ಕೊಂಡು ಹೋಗು."

ವ್ಯಾನಿನ ಬಾಗಿಲು ಧಡ್ಡೆಂದಿತು. ಸದ್ದು ಬೀದಿಯ ತುದಿ ದಾಟುವವರೆಗೂ ತಲೆ ಮೇಲೆ ಕೈಹೊತ್ತು ನಿಂತಿದ್ದ ತಮ್ಮ. "ಹೊಸ ಮೋಟಾರು ಹಾಕಿಸಿದ್ದೇ ಅವನನ್ನ ನಂಬ್ಕೊಂಡು. ನಿನ್ನ ಹಟಕ್ಕೆ ಗಿರಣಿ ಮುಚ್ಚಬೇಕಾ?"

"ಮುಚ್ಚೋದು ನಾಳೆ ನೋಡೋಣ. ಇವತ್ತು ಚೀಟಿ ಕೀಳು."

ಅವನು ಗೊಣಗುತ್ತಲೇ ಕೂತ, ಸಿಟ್ಟಿಗೆ ನಾಲ್ಕಾರು ಚೀಟಿ ಹರಿದ.

"ಹರೀಬೇಡ್ವೋ, ಹೊಸ ಹಿಟ್ಟಿಗೆ ಬೇಕಾಗುತ್ತೆ," ಎಂದಳು ಅಮ್ಮ. ತಾನು ಕಿತ್ತವನ್ನೆಲ್ಲ ಸುಕ್ಕು ನೀವಿ, ಅಂಟು ಹೋಗದ ಹಾಗೆ ಒಂದಂಚು ಮಾತ್ರ ಒತ್ತಿ, ಬಾಗಿಲ ಚೌಕಟ್ಟಿಗೆ ಸಾಲಾಗಿ ಹಚ್ಚಿದಳು.

ಆಮೇಲೆ ಡಬ್ಬ ಬರಿದು ಮಾಡಿ, ಒರೆಸಿ, ಮುಕ್ಕಳಿಸುವುದನ್ನು ಮೊದಲಿನಿಂದ ಶುರುಮಾಡಿದರು. ತಮ್ಮ ಗುಂಡಿ ಒತ್ತಿದ. ಗಿರಣಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಬೆಚ್ಚನೆಯ ಹಳದಿ ಹಿಟ್ಟನ್ನು ಬಕೆಟಿಗೆ ಉದುರಿಸತೊಡಗಿತು. ಅಮ್ಮನ ಕೈ ತಾನಾಗಿಯೇ ಅತ್ತ ಚಾಚಿತು. ಅವಳು ಅದನ್ನು ಹಿಂದಕ್ಕೆಳೆದು, ತೊಡೆಯ ಕೆಳಗೆ ಒತ್ತಿ ಕೂತಳು. ಚೌಕಟ್ಟಿನ ತುಂಬ ಹಸಿರು ಚೀಟಿಗಳು ಯಂತ್ರದ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು.