ಓಗೊಡುವ ಕುರ್ಚಿಗಳು

ಕೀಲಿಮಣೆಯ ಸಂದಿಯಲ್ಲಿ ಒಣಗಿ ಅಂಟಿದ್ದ ರಾಮ್ಯೊನ್ ಸಾರನ್ನು ಗುಮೋಕ್ ಹಲ್ಲುಕಡ್ಡಿಯಿಂದ ಕೆರೆಯುತ್ತಿದ್ದಳು. ಶ್ಯಾವಿಗೆಯ ಒಂದು ಚೂರು ಎರಡು ಗುಂಡಿಗಳ ನಡುವೆ ಕಲ್ಲಾಗಿ ಕೂತು, ಏನು ಮಾಡಿದರೂ ಏಳಲೊಲ್ಲದು. ಒದ್ದೆ ಬಟ್ಟೆಯನ್ನು ಅದರ ಮೇಲಿಟ್ಟು, ನೆನೆಯಲಿ ಎಂದು ಬಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಳು. ಒಂದೇ ಸಲಕ್ಕೆ ಎದ್ದು ನಿಲ್ಲುವ ಕಾಲ ಹೋಗಿತ್ತು. ಮೇಜು ಹಿಡಿದು, ಉಸಿರು ಬಿಟ್ಟು, ಕಂತಿನ ಮೇಲೆ ಏಳಬೇಕು.

ಇಕ್ಸಾನ್ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಪೀಸಿಬಾಂಗ್. ಜನ ಬಂದು ಗಂಟೆ ಲೆಕ್ಕದಲ್ಲಿ ಕಂಪ್ಯೂಟರಿನ ಮುಂದೆ ಕೂತು ಆಟವಾಡುತ್ತಾರೆ, ಹಸಿವಾದರೆ ಅಲ್ಲೇ ರಾಮ್ಯೊನ್ ತರಿಸಿಕೊಂಡು ತಿನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಹಗಲೂ ರಾತ್ರಿಯೂ ಅವಳೊಬ್ಬಳ ಹೆಗಲಿಗೇ ಬಿದ್ದಿದ್ದವು. ಅವಳಿಗೆ ಈಗ ಬೇಕಾಗಿದ್ದುದು ಒಂದೇ. ಅಂಗಡಿಯನ್ನು ಯಾರ ಕೈಗಾದರೂ ಒಪ್ಪಿಸಿ, ಮನೆಯ ಬಾಗಿಲು ಹಾಕಿಕೊಂಡು, ಬೆಚ್ಚಗಿನ ನೆಲದ ಮೇಲೆ ಹಾಸಿಕೊಂಡು, ತಾನಾಗಿ ಎಚ್ಚರವಾಗುವ ತನಕ ಮಲಗಬೇಕು.

ಶ್ಯಾವಿಗೆ ನೆನೆಯುವಷ್ಟರಲ್ಲಿ ಇನ್ನೊಂದು ಕೆಲಸವಿತ್ತು. ಖಾಲಿ ಕುರ್ಚಿಗಳ ಸಾಲಿನಲ್ಲಿ ನಡೆದು ಅಲ್ಲೊಂದು ಇಲ್ಲೊಂದು ಕಂಪ್ಯೂಟರ್ ಹೊತ್ತಿಸಬೇಕು.

ಈ ಕಸುಬಿನವರಿಗೆಲ್ಲ ಗೊತ್ತಿರುವ ಉಪಾಯ ಒಂದಿದೆ. ಅಂಗಡಿಯ ಒಂದೊಂದು ಕಂಪ್ಯೂಟರಿಗೂ ಒಂದೊಂದು ವಿಳಾಸ, ಬೀದಿಯ ಮನೆಗಳ ಹಾಗೆ ಸಾಲಾಗಿ. ಎಲ್ಲೋ ದೂರದ ಊರಿನಲ್ಲಿ ಕೂತು ಆ ವಿಳಾಸಗಳಿಗೆ ಒಂದರ ಹಿಂದೊಂದು “ಇದ್ದೀಯಾ?” ಎಂದು ಕೂಗು ಹಾಕಬಹುದು. ಆ ಕೂಗಿಗೆ ಪಿಂಗ್ ಎಂದು ಹೆಸರು. ಹೊತ್ತಿರುವ ಯಂತ್ರ ಓಗೊಡುತ್ತದೆ, ಆರಿದ್ದು ಸುಮ್ಮನಿರುತ್ತದೆ. ಗಿರಾಕಿ ಎದ್ದು ಹೋದ ಕೂಡಲೇ ಯಂತ್ರ ಆರಿಸುವುದು ವಾಡಿಕೆಯಾದ್ದರಿಂದ, ಓಗೊಟ್ಟವನ್ನು ಎಣಿಸಿಕೊಂಡರೆ ಯಾವ ಅಂಗಡಿಯಲ್ಲಿ ಎಷ್ಟು ಕುರ್ಚಿ ತುಂಬಿದೆಯೆಂದು ಮನೆಯಲ್ಲಿ ಕೂತೇ ತಿಳಿಯುತ್ತದೆ. ಗುಮೋಕ್ ಕೂಡ ಒಂದು ಕಾಲದಲ್ಲಿ ದಿನಾ ಬೆಳಗ್ಗೆ ಎದುರುಗಡೆಯ ಅಂಗಡಿಗೆ ಹೀಗೆ ಕೂಗು ಹಾಕಿ ಲೆಕ್ಕ ನೋಡುತ್ತಿದ್ದಳು. ಆ ಅಂಗಡಿ ಮುಚ್ಚಿಹೋಗಿ ಈಗ ಅಲ್ಲಿ ಹಲ್ಲು ಕೀಳುತ್ತಾರೆ.

ಈಗ ಅವಳ ಅಂಗಡಿಗೆ ಕೂಗು ಹಾಕುತ್ತಿದ್ದವರು ಮೊಕ್ಪೊ ಊರಿನ ಪ್ಯೋ ಎಂಬುವರು. ಜೀವಮಾನವೆಲ್ಲ ಊರ ಬಸ್ಸು ಓಡಿಸಿ, ನಿವೃತ್ತಿಯ ಹಣವನ್ನೆಲ್ಲ ಹಾಕಿ ಈ ಅಂಗಡಿ ಕೊಳ್ಳಲು ಹೊರಟಿದ್ದರು. ಒಂದು ಶನಿವಾರ ಸಂಜೆ ಬಂದು, ಹುಡುಗರು ಗಿಜಿಗುಡುತ್ತಿದ್ದ ಅಂಗಡಿ ನೋಡಿ ಮೆಚ್ಚಿ ಹೋಗಿದ್ದರು. ಹೆಂಡತಿ ಮಂಡಿಗೆ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರಿಂದ ಮತ್ತೆ ಬರಲಾಗಿರಲಿಲ್ಲ. ಅಣ್ಣನ ಮಗನೊಬ್ಬ ಮನೆಯ ಕಂಪ್ಯೂಟರಿನಿಂದಲೇ ಪಿಂಗ್ ಹಾಕುವ ವ್ಯವಸ್ಥೆ ಮಾಡಿಕೊಟ್ಟಿದ್ದ.

ಇದನ್ನು ಗುಮೋಕ್‌ಗೆ ಹೇಳಿದವನು ದಲ್ಲಾಳಿ ಹಾಮ್. “ಶನಿವಾರ ತೋರ್ಸಿದ್ದು ಸಾಲದಕ್ಕಾ. ವಾರದ ದಿನಾನೂ ಕುರ್ಚಿ ಮಾತಾಡ್ಬೇಕು. ಆದ್ರೆ ಎಲ್ಲಾ ಒಟ್ಟಿಗೆ ಹಚ್ಬೇಡಿ, ಗಿರಾಕಿಗಳೇನು ದಂಡು ಬಂದಂಗ್ ಬರ್ತಾರಾ? ಒಂದು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಊಟದ ಹೊತ್ತಿಗೆ ನಾಲ್ಕು ಆರ್ಸಿ,” ಎಂದು ನಾಟಕದ ಮೇಷ್ಟ್ರ ಹಾಗೆ ಕಲಿಸಿಕೊಟ್ಟಿದ್ದ. ಹೀಗಾಗಿ ಇದ್ದ ಕೆಲಸದ ಜೊತೆಗೆ ಇಲ್ಲದ ಗಿರಾಕಿಗಳನ್ನು ಕೂರಿಸುವ, ಎಬ್ಬಿಸುವ ಕೆಲಸವೂ ಅವಳಿಗೇ ಬಂತು. ಯಾರೂ ಇಲ್ಲದ ಸಾಲಿನಲ್ಲಿ ಫ್ಯಾನುಗಳು ಗೊರಗೊರ ಎನ್ನುತ್ತಿದ್ದವು. ಚಳಿಗಾಲದಲ್ಲೂ ಅಂಗಡಿ ಒಲೆಯ ಬಾಯಿಯಂತೆ ಕಾದಿರುತ್ತಿತ್ತು.

“ಏನ್ ಯಜಮಾಂತಿ, ಇವತ್ತು ಯಾರ್ಯಾರ್ ಬಂದ್ರು?” ಎಂದು ಮೂಲೆಯಿಂದ ಕೇಳಿದರು ನಾಮ್‌ಗುಂಗ್ ಮೇಷ್ಟ್ರು. ಸ್ಕೂಲು ಬಿಟ್ಟು ಎಷ್ಟೋ ವರ್ಷವಾಗಿದ್ದ ಈ ಮುದುಕರು ಬೆಳಗ್ಗೆಯೇ ಬಂದು ಕಪ್ಪು ಬಿಳಿ ಕಲ್ಲಿನ ಬಾದುಕ್ ಆಟ ಹಚ್ಚಿಕೊಂಡರೆ ಊಟದ ತನಕ ಏಳುತ್ತಿರಲಿಲ್ಲ.

“ಕಿಟಕಿ ಪಕ್ಕ ಕಾಲೇಜು ತಪ್ಪಿಸ್ಕೊಂಡವನು ಬಂದಿದಾನೆ ಮೇಷ್ಟ್ರೇ. ಅವನ ಹಿಂದೆ ಹೆಂಡ್ತಿ ಹತ್ರ ಜಗಳಾಡ್ಕೊಂಡವನು.”

“ಒಳ್ಳೇ ಗಿರಾಕಿಗಳು ಬಿಡು. ಕೆಮ್ಮಲ್ಲ, ಉಗುಳಲ್ಲ, ಗೆದ್ದೆ ಅಂತ ಕಿರುಚಲ್ಲ. ನಿನ್ ಅಂಗಡೀಲಿ ಸಭ್ಯಸ್ಥರು ಅಂದ್ರೆ ಅವರೇ.”

“ನೀವ್ ಕೆಮ್ಮೋದ್ ನಿಲ್ಸಿದ್ರೆ ನಿಮ್ಮನ್ನೂ ಸೇರಿಸ್ತೀನಿ.”

ಅವರು ನಕ್ಕರು. ಅವಳಿಗೆ ನಗಲೂ ದಣಿವು. ಹೇಳಿದ ಮಾತು ಬಾಯಿಂದ ಬಂದಿತ್ತು, ಅಷ್ಟೆ.

ಮನಸ್ಸನ್ನು ಕೊರೆಯುತ್ತಿದ್ದುದು ಬೇರೆ. ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿ ಪ್ಯೋ ಅವರ ಕಾಗದವಿತ್ತು. ದಲ್ಲಾಳಿ ಅವಳ ಫೋನ್ ನಂಬರು ಕೊಡದಿದ್ದುದರಿಂದ ಅವರು ಅಂಗಡಿಯ ವಿಳಾಸಕ್ಕೇ ಬರೆದು ಹಾಕಿದ್ದರು. ಮೋಸವೋ ನಿಜವೋ ಎಂದೇನೂ ಕೇಳಿರಲಿಲ್ಲ. ಕೇಳಿದ್ದು ಹೀಗೆ: ಹಗಲು ಹೊತ್ತು ಬಂದು ಕೂರುವವರು ಎಂಥವರು, ಏನು ತಿನ್ನಲು ಇಷ್ಟಪಡುತ್ತಾರೆ? ನನ್ನಾಕೆ ಅಡುಗೆ ನೋಡಿಕೊಳ್ಳುತ್ತಾಳೆ, ಮಲಗಿದ್ದಲ್ಲೇ ಕಲಿತಿಡುತ್ತೇನೆ ಎನ್ನುತ್ತಾಳೆ, ದಯವಿಟ್ಟು ತಿಳಿಸಿ.

ಏನೆಂದು ತಿಳಿಸುವುದು? ಗುಮೋಕ್ ಎರಡು ಸಲ ಬರೆಯಲು ಕೂತು ಎರಡು ಸಲವೂ ಎದ್ದಿದ್ದಳು. ಇಲ್ಲದವರ ನಾಲಗೆಯ ರುಚಿಯನ್ನು ಏನೆಂದು ಬರೆಯುವುದು? ನಿಜ ಬರೆದರೆ ಅಂಗಡಿ ಹೋಗುವುದಿಲ್ಲ, ಸುಳ್ಳು ಬರೆಯಲು ಪೆನ್ನು ಏಳುವುದಿಲ್ಲ. “ನೀವ್ ಯಾಕ್ ಬರೀತೀರಿ? ನಿಮ್ ಬದ್ಲು ಕುರ್ಚಿಗಳೇ ಉತ್ರ ಕೊಡ್ತಿವೆಯಲ್ಲ,” ಎಂದು ಹಾಮ್ ಅಂದಮೇಲೆ ಡ್ರಾಯರು ಮುಚ್ಚಿಬಿಟ್ಟಿದ್ದಳು. ಸೇಬಿನ ಕಾಲದಲ್ಲಿ ಬಂದ ಕಾಗದ, ಈಗ ಹಿಮ ಬೀಳುವ ಕಾಲ.

ಮಧ್ಯಾಹ್ನಕ್ಕೆ ಮುಂಚೆ ಹಾಮ್‌ನೇ ಬಂದ. ಕೈಯಲ್ಲಿ ಹೂವಿನ ಬಟ್ಟೆಯಲ್ಲಿ ಗಂಟು ಕಟ್ಟಿದ ಡಬ್ಬಿ. ಬಾಗಿಲಲ್ಲೇ ನಗು ತಡೆಯಲಾರದೆ ಗೋಡೆಗೆ ಒರಗಿಕೊಂಡ.

“ಅಕ್ಕಾ, ನಿಮ್ ದೆವ್ವಕ್ಕೆ ಬುತ್ತಿ ಬಂದಿದೆ!”

“ಏನಪ್ಪಾ ಅದು? ಕುಡಿದಿದ್ದೀಯಾ ಹಾಡುಹಗಲೇ?”

“ಕುಡಿದಿಲ್ಲ, ಕೇಳಿ. ನಿನ್ನೆ ಮೊಕ್ಪೊಗೆ ಹೋಗಿದ್ನಾ, ಕರಾರು ಪತ್ರ ತೋರ್ಸೋಕೆ. ಪ್ಯೋ ಹೆಂಡ್ತಿ ಆಯಮ್ಮ ಮಂಚದ ಮೇಲೇ ಕಂಪ್ಯೂಟರ್ ಇಟ್ಕೊಂಡು ದಿನವಿಡೀ ನಿಮ್ ಕುರ್ಚಿಗಳ್ನ ಕೂಗ್ತಾ ಇರ್ತಾಳೆ. ಶೌಚಾಲಯದ ಪಕ್ಕದ ಕೊನೇ ಕುರ್ಚಿ ಇದೆಯಲ್ಲ, ಅಲ್ಲಿ ಕೂತವನು ಹಗಲೂ ರಾತ್ರಿ ಎದ್ದೇ ಇಲ್ವಂತೆ. ಯಾರಪ್ಪಾ ಈ ಮಗು, ಮನೆಗೆ ಹೋಗಲ್ವಾ, ಉಂಡಿದಾನೋ ಇಲ್ವೋ, ಕೂತಲ್ಲೇ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ ನಂಗೇ ಕೇಳ್ತಾಳೆ! ಊರುಗೋಲು ಹಿಡ್ಕೊಂಡು ನಿಂತು ಮಾಡಿದಾಳೆ ಇದನ್ನ. ಅವನಿಗೆ ಕೊಡಿ, ಉಂಡು ಮನೆಗೆ ಹೋಗು ಅಂತ ಯಜಮಾಂತಿ ಗದರ್ಲಿ ಅಂದ್ಳು.” ಅವನು ಕಣ್ಣೊರೆಸಿಕೊಂಡ. “ಇಂಥಾ ಪಾರ್ಟಿ ಜನ್ಮದಲ್ಲಿ ಸಿಗಲ್ಲ ಅಕ್ಕಾ. ಶುಕ್ರವಾರ ನಿಮ್ ಹೆಸರಿನ ಮುದ್ರೆ ತಗೊಂಡ್ ಬನ್ನಿ, ಕರಾರಿಗೆ ಒತ್ತಿ ಮುಗಿಸ್ಬಿಡೋಣ.”

ಗುಮೋಕ್ ಡಬ್ಬಿ ಇಸಿದುಕೊಂಡಳು. “ಆಯ್ತು, ನೀನ್ ಹೋಗಪ್ಪ,” ಎಂದಳು.

ಅವನು ಹೋದ ಮೇಲೆ ಕೊನೆಯ ಕುರ್ಚಿಯ ಹತ್ತಿರ ನಡೆದಳು. ಹಚ್ಚಿದ್ದನ್ನು ಆರಿಸಿರಲಿಲ್ಲ, ಅಷ್ಟೇ. ಅದರ ಗುಂಡಿ ಬಿಗಿ, ಬಗ್ಗಿ ಮೇಜಿನ ಕೆಳಗೆ ಕೈ ಹಾಕಬೇಕು. ಸೊಂಟಕ್ಕೆ ಹೆದರಿ ಆಮೇಲೆ ಆಮೇಲೆ ಎನ್ನುತ್ತಾ ಬಿಟ್ಟಿದ್ದಳು. ಈಗ ಬಗ್ಗಿ ಗುಂಡಿಯ ಮೇಲೆ ಬೆರಳಿಟ್ಟವಳು ಹಾಗೇ ನಿಂತಳು. ಆರಿಸಿದರೆ ಆ ಕ್ಷಣವೇ ಮೊಕ್ಪೊದಲ್ಲಿ ಆಕೆ, ಅಬ್ಬಾ, ಉಂಡು ಎದ್ದು ಮನೆಗೆ ಹೋದ ಎಂದು ನಿಟ್ಟುಸಿರು ಬಿಡುತ್ತಾಳೆ. ಹಚ್ಚಿಟ್ಟರೂ ಸುಳ್ಳು, ಆರಿಸಿದರೂ ಸುಳ್ಳು. ಗುಮೋಕ್ ಬೆರಳು ತೆಗೆದು ಅದೇ ಕುರ್ಚಿಯಲ್ಲಿ ಕುಸಿದು ಕೂತಳು.

ಗಂಟು ಬಿಚ್ಚಿದಳು. ಸೋಯಾ ರಸದಲ್ಲಿ ಒಂದೊಂದಾಗಿ ಅದ್ದಿ ಜೋಡಿಸಿದ ಎಲೆಗಳು, ಸಿಹಿಯಾಗಿ ಹುರಿದ ಸಣ್ಣ ಮೀನು, ಸುರುಳಿ ಮೊಟ್ಟೆ, ಅಡಿಯಲ್ಲಿ ಕಪ್ಪು ಅವರೆ ಹಾಕಿದ ಅನ್ನ. ನಿಲ್ಲಲಾರದವಳು ನಿಂತು ಮಾಡಿದ್ದೆಂದು ಮೊಟ್ಟೆಯ ಸುರುಳಿ ನೋಡಿದರೇ ತಿಳಿಯುತ್ತಿತ್ತು. ಒಂದು ಕಡೆ ದಪ್ಪ, ಒಂದು ಕಡೆ ಹರಿದು ಹೋಗಿತ್ತು. ತಾನು ಮಾಡದ ಅಡುಗೆಯನ್ನು ಗುಮೋಕ್ ಉಂಡು ಎಷ್ಟು ಕಾಲವಾಗಿತ್ತೋ. ಒಂದು ತುತ್ತು ನೋಡೋಣವೆಂದು ಬಾಯಿಗಿಟ್ಟವಳು ಡಬ್ಬಿಯ ತಳ ಕಾಣುವವರೆಗೂ ನಿಲ್ಲಿಸಲಿಲ್ಲ.

ನಾಮ್‌ಗುಂಗ್ ಮೇಷ್ಟ್ರು ಬಾರ್ಲಿ ನೀರಿಗೆಂದು ಎದ್ದವರು ನೋಡಿದರು. “ಅಲ್ಲಿ ಕೂತಿದ್ದವನ ಊಟಾನಾ?”

“ಹೂಂ ಮೇಷ್ಟ್ರೇ.”

“ಅವನಿಗೆ?”

“ಅವನ್ ಉಂಡಾಯ್ತು,” ಎಂದಳು ಗುಮೋಕ್. ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ಎದ್ದಳು.

ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕಾಗದ ತೆಗೆದಾಗ ಈ ಸಲ ಪೆನ್ನು ತಡೆಯಲಿಲ್ಲ. ತಡೆಯುವಷ್ಟು ಶಕ್ತಿ ಅವಳಲ್ಲೂ ಉಳಿದಿರಲಿಲ್ಲ.

“ಪ್ಯೋ ಅವರಿಗೂ ಅವರ ಮನೆಯವರಿಗೂ ನಮಸ್ಕಾರ. ಉತ್ತರ ತಡವಾಯಿತು. ಆ ಕುರ್ಚಿಯಲ್ಲಿ ಯಾರೂ ಇಲ್ಲ. ಅಮ್ಮ ಕಳಿಸಿದ ಊಟ ನಾನು ಉಂಡೆ. ನೀವು ಕೂಗಿದಾಗ ಓಗೊಡುವವು ಬಹುಪಾಲು ನಾನು ಹಚ್ಚಿಟ್ಟ ಖಾಲಿ ಯಂತ್ರಗಳು. ವಾರದ ದಿನ ಬೆಳಗ್ಗೆ ನಾಲ್ಕೈದು ಜನ, ಸ್ಕೂಲು ಬಿಟ್ಟ ಮೇಲೆ ಒಂದಷ್ಟು, ಶನಿವಾರ ನೀವು ನೋಡಿದಷ್ಟು, ಇಷ್ಟೇ. ನೀವು ಕೇಳಿದ್ದಕ್ಕೆ: ಬರುವವರು ರಾಮ್ಯೊನ್‌ಗೆ ಮೊಟ್ಟೆ ಒಡೆದು ಹಾಕಿದರೆ ಖುಷಿಪಡುತ್ತಾರೆ. ಒಬ್ಬ ಮೇಷ್ಟ್ರಿದ್ದಾರೆ, ಅವರಿಗೆ ಬಾರ್ಲಿ ನೀರು ಬಿಸಿಯಾಗಿರಬೇಕು. ಇದೆಲ್ಲ ತಿಳಿದೂ ಅಂಗಡಿ ಬೇಕೆನಿಸಿದರೆ ಮಂಗಳವಾರ ಬಂದು ನೋಡಿ, ದಲ್ಲಾಳಿ ಬೇಡ. ಬೇಡವೆನಿಸಿದರೆ ಡಬ್ಬಿ ತೊಳೆದು ಅಂಚೆಯಲ್ಲಿ ಕಳಿಸುತ್ತೇನೆ. ಎಲೆ ಬಹಳ ಚೆನ್ನಾಗಿತ್ತು.”

ಓದಿ ನೋಡಲಿಲ್ಲ. ನೋಡಿದರೆ ಹರಿಯುತ್ತಿದ್ದಳು. ಲಕೋಟೆಗೆ ಹಾಕಿ ನಾಲಗೆಯಿಂದ ಒದ್ದೆ ಮಾಡಿ ಅಂಟಿಸಿದಳು. “ಮೇಷ್ಟ್ರೇ, ಸ್ವಲ್ಪ ಅಂಗಡಿ ನೋಡ್ಕೊಳ್ಳಿ.”

“ಯಾವ್ ಗಿರಾಕಿಗಳ್ನ ನೋಡ್ಕೊಳ್ಲಿ, ಇದ್ದೋರ್ನೋ ಇಲ್ದೋರ್ನೋ?”

“ಇದ್ದೋರ್ನ ನೋಡಿ ಸಾಕು.”

ಹೊರಗೆ ಪುಡಿ ಹಿಮ. ಬೀದಿಯ ತುದಿಯ ಅಂಚೆ ಕಚೇರಿಗೆ ಅವಳು ಗೋಡೆ ಹಿಡಿಹಿಡಿದು ನಡೆದಳು. ಶುಕ್ರವಾರದ ನಂತರವೂ ಅದೇ ಕೀಲಿಮಣೆ, ಅದೇ ಸಾರು, ಅದೇ ಮುರಿದ ನಿದ್ದೆ. ಬಹುಶಃ ಇನ್ನೂ ಎಷ್ಟೋ ಚಳಿಗಾಲ. ಅದನ್ನು ನೆನೆದು ಕಾಲು ಒಂದು ಗಳಿಗೆ ನಿಂತಿತು, ಮತ್ತೆ ಹೊರಟಿತು.

ಕಿಟಕಿಯ ಹುಡುಗಿ ಲಕೋಟೆಯನ್ನು ತೂಗಿದಳು. “ಸಾಧಾರಣದಲ್ಲಾ ಅಜ್ಜಿ, ಬೇಗ ಹೋಗೋದ್ರಲ್ಲಾ?”

“ಯಾವಾಗ್ ಮುಟ್ಟುತ್ತೆ?”

“ಬೇಗ ಹೋಗೋದಾದ್ರೆ ನಾಳೆ.”

“ನಾಳೇನೇ ಮುಟ್ಲಿ.”

ಹುಡುಗಿ ಚೀಟಿ ಅಂಟಿಸಿ, ಮುದ್ರೆ ಒತ್ತಿ, ಲಕೋಟೆಯನ್ನು ಹಿಂದಿನ ಚೀಲಕ್ಕೆ ಎಸೆದಳು.